ಹಕ್ಕು ಬಿಡುಗಡೆ: ಒಂದು ಸಮಾಜಶಾಸ್ತ್ರೀಯ ಅಧ್ಯಯನ

ನಮ್ಮ ವಿಭಾಗದಲ್ಲಿ ಪಿಎಚ್‌ಡಿ ಪ್ರಬಂಧದ ಹೆಸರಿನ ಬಾಲಕ್ಕೆ ‘ಒಂದು ಸಮಾಜಶಾಸ್ತ್ರೀಯ ಅಧ್ಯಯನ’ ಎಂದು ಕಟ್ಟದಿದ್ದರೆ ಅದನ್ನು ಯಾರೂ ಮುಟ್ಟಿಯೂ ನೋಡುವುದಿಲ್ಲ. ಹಾಸನದ ಆಟೋ ಚಾಲಕರು: ಒಂದು ಸಮಾಜಶಾಸ್ತ್ರೀಯ ಅಧ್ಯಯನ. ಆಲೂಗಡ್ಡೆ ಬೆಳೆಗಾರರು: ಒಂದು ಸಮಾಜಶಾಸ್ತ್ರೀಯ ಅಧ್ಯಯನ. ಶೆಟ್ಟಿಹಳ್ಳಿಯ ಪಾಳು ಚರ್ಚಿನ ಮುಂದೆ ನಿಂತು ಮದುವೆಗೆ ಮೊದಲೇ ಫೋಟೊ ತೆಗೆಸಿಕೊಳ್ಳುವ ಜೋಡಿಗಳ ಮೇಲೂ ಒಬ್ಬ ಮಹಾನುಭಾವ ಹೀಗೇ ಒಂದು ಬರೆದು, ಈಗ ಮದುವೆ ಪತ್ರಿಕೆಗಳಲ್ಲಿ ತನ್ನ ಹೆಸರಿನ ಮುಂದೆ ಡಾಕ್ಟರ್ ಹಾಕಿಲ್ಲ ಎಂದು ಜಗಳ ಕಾಯುತ್ತಾನೆ. ನಗುವವಳು ನಾನೇನು ಕಡಿಮೆಯಲ್ಲ. ಏಳು ವರ್ಷ ಇದೇ ಗಾಣ ಸುತ್ತಿದ್ದೇನೆ.

ಓದಿನ ಮೇಲಿನ ಪ್ರೀತಿಗೆ ಸುತ್ತಿದೆ ಎಂದು ಯಾರಾದರೂ ಅಂದುಕೊಂಡರೆ ಅವರಿಗೊಂದು ನಮಸ್ಕಾರ. ಹಾಸನದ ಒಂದು ಕಾಲೇಜಿನಲ್ಲಿ ನಾನು ತಾತ್ಕಾಲಿಕ ಉಪನ್ಯಾಸಕಿ. ಪಿಎಚ್‌ಡಿ ಇಲ್ಲದವರನ್ನು ಪ್ರತಿ ವರ್ಷ ಪಟ್ಟಿಯ ಕೆಳಕ್ಕೆ ತಳ್ಳುತ್ತಾ ಬಂದರು. ಪಟ್ಟಿಯಿಂದ ಉದುರುವ ಮೊದಲು ನಾನೂ ನೋಂದಾಯಿಸಿಕೊಂಡೆ. ಮಾರ್ಗದರ್ಶಕರು ಸಿಕ್ಕರು. ಎದುರಿಗೆ ಕೂತವರ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ತಲೆ ಆಡಿಸುವ ವಿದ್ಯೆಯಲ್ಲಿ ಅವರು ಪಾರಂಗತರು. ಮೊದಲ ದಿನವೇ ಕೇಳಿದರು:

“ನಿಮ್ಮ ಕಡೆ ಒಕ್ಕಲುತನದ ಮನೆಗಳಲ್ಲಿ ಹೆಣ್ಮಕ್ಳು ಆಸ್ತಿ ತಗೋತಾರೇನಮ್ಮ?”

“ಇಲ್ಲ ಸರ್. ಅಣ್ಣತಮ್ಮಂದಿರಿಗೆ ಸಹಿ ಹಾಕಿಕೊಟ್ಟುಬಿಡ್ತಾರೆ.”

“ಹಾಂ, ಅದೇ ಟಾಪಿಕ್. ಟೀ ಕುಡಿದು ಹೋಗು.”

ಇಷ್ಟೇ. ನನ್ನ ಏಳು ವರ್ಷಗಳನ್ನು ಒಂದು ಲೋಟ ಟೀ ಆರುವುದರೊಳಗೆ ನಿರ್ಧರಿಸಿದರು. ಹಾಸನ, ಹೊಳೆನರಸೀಪುರ, ಅರಕಲಗೂಡು ಎಂದು ಮೂರು ತಾಲ್ಲೂಕು ಬರೆದುಕೊಂಡೆ. ಚನ್ನರಾಯಪಟ್ಟಣ ಬೇಡವೆಂದೆ. ನನ್ನ ತವರು ಅದೇ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಒಂದು ಊರು. ಹಾಗಾಗಿ ‘ವಸ್ತುನಿಷ್ಠತೆಗೆ ಧಕ್ಕೆಯಾಗುತ್ತದೆ’ ಎಂದು ಕಾರಣ ಕೊಟ್ಟೆ. ಎಂಥ ವಸ್ತುನಿಷ್ಠತೆ, ಮಣ್ಣು! ನನ್ನ ಚಿಕ್ಕಮ್ಮ ದೊಡ್ಡಮ್ಮಂದಿರ ಮುಂದೆ ಪ್ರಶ್ನಾವಳಿ ಹಿಡಿದು ಕೂರಲು ನನಗೆ ನಾಚಿಕೆಯಾಗಿತ್ತು.

ಕಾನೂನಿನ ಪ್ರಕಾರ ಹೆಣ್ಣುಮಗಳಿಗೂ ಗಂಡುಮಗನಷ್ಟೇ ಪಾಲು. ಹಾಗಾಗಿ ಅಣ್ಣನಾದವನು ಜಮೀನು ಭಾಗ ಮಾಡಲಿ, ಮಾರಲಿ, ಬ್ಯಾಂಕಿನಲ್ಲಿ ಅಡವಿಡಲಿ, ತಂಗಿಯ ಸಹಿ ಬೇಕು. ತಂಗಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ‘ನನ್ನ ಹಕ್ಕು ಬಿಟ್ಟಿದ್ದೇನೆ’ ಎಂದು ಬರೆದುಕೊಟ್ಟರೆ ಮುಗಿಯಿತು. ಹೊಳೆನರಸೀಪುರದ ಆ ಕಚೇರಿಯ ಹೊರಗೆ, ಪತ್ರ ಬರೆಯುವವರ ಮೇಜುಗಳ ಪಕ್ಕ ನಾನು ದಿನಗಟ್ಟಲೆ ನಿಂತೆ. ಹೆಂಗಸರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಅಣ್ಣನ ಕಾರಿನಲ್ಲಿ ಬಂದಿಳಿಯುತ್ತಿದ್ದರು. ಮೊದಲು ಹೋಟೆಲಿನಲ್ಲಿ ಮಸಾಲೆ ದೋಸೆ. ಆಮೇಲೆ ಒಳಗೆ ಹೋಗಿ ಫೋಟೊ, ಹೆಬ್ಬೆಟ್ಟು, ಸಹಿ. ಹೊರಗೆ ಬಂದ ಮೇಲೆ ಅತ್ತಿಗೆಯ ಕೈಯಿಂದ ಒಂದು ಸೀರೆಯ ಪೊಟ್ಟಣ. ಸಂತೋಷವೋ ಸಂತೋಷ.

“ಯಾಕೆ ಸೈನ್ ಹಾಕಿದ್ರಿ?” ಎಂದು ಕೇಳುತ್ತಿದ್ದೆ.

“ಅಯ್ಯೋ, ಅಣ್ಣ ಕೇಳ್ದ, ಆಕ್ದೆ. ಅದ್ರಲ್ಲೇನೈತೆ?”

“ಎಷ್ಟು ಜಮೀನು ಅಂತ ಗೊತ್ತಾ?”

“ಅದೆಲ್ಲ ಗಂಡುಸ್ರಿಗೆ ಗೊತ್ತು ಕಣವ್ವ.”

“ಪತ್ರ ಓದಿ ನೋಡಿದ್ರಾ?”

“ನಮ್ಮಣ್ಣ ಓದವ್ನಲ್ವಾ!”

ಹಲ್ಲು ಕಚ್ಚಿಕೊಂಡು ಟಿಕ್ ಹಾಕುತ್ತಿದ್ದೆ. ಅವರ ಮೇಲೆ ನನಗೆ ಕನಿಕರ ಹುಟ್ಟಲಿಲ್ಲ, ಮೈ ಉರಿಯುತ್ತಿತ್ತು. ‘ಇವರಿಗೆ ಕೊಟ್ಟ ಕಾನೂನು ಬೀದಿಯಲ್ಲಿ ಚೆಲ್ಲಿದ ಹಾಲು. ಸೀರೆ ಕೊಟ್ಟರೆ ಕತ್ತನ್ನೂ ಕೊಡುತ್ತಾರೆ’ ಎಂದು ಕ್ಷೇತ್ರಕಾರ್ಯದ ಡೈರಿಯಲ್ಲಿ ಬರೆದೆ. ಇನ್ನೊಂದು ಕಡೆ ‘ಬೆನ್ನುಮೂಳೆ ಇಲ್ಲದ ಜೀವಗಳು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಆ ಡೈರಿ ಇನ್ನೂ ನನ್ನ ಹತ್ತಿರ ಇದೆ.

ಪ್ರಶ್ನಾವಳಿಯಲ್ಲಿ ‘ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟಿರಾ?’ ಎಂಬ ಒಂದು ಪ್ರಶ್ನೆಯಿತ್ತು. ಬಹುಪಾಲು ಹೆಂಗಸರು ಹೌದೆಂದಿದ್ದರು. ಬಲವಂತದಿಂದ ಬಿಡಿಸಿಕೊಳ್ಳುತ್ತಾರೆ ಎಂಬುದು ನನ್ನ ಊಹೆ. ಗಾಬರಿಯಾಗಿ ಮಾರ್ಗದರ್ಶಕರಲ್ಲಿಗೆ ಓಡಿದರೆ ಅವರು ಮೊಬೈಲ್‌ನಿಂದ ಕಣ್ಣೆತ್ತದೆ ಪರಿಹಾರ ಕೊಟ್ಟರು: “ಎರಡು ಹೈಪಾಥಿಸಿಸ್ ಬರೆದಿಟ್ಟುಕೋಮ್ಮ. ಯಾವುದು ಗೆದ್ದರೆ ಅದನ್ನ ಮೊದಲನೇ ಅಧ್ಯಾಯದಲ್ಲಿ ಹಾಕು.” ಅವರೇ ನಮಗೆ ಸಂಶೋಧನಾ ವಿಧಾನದ ಪಾಠ ಮಾಡಿದವರು.

ಅರಕಲಗೂಡಿನ ಹತ್ತಿರದ ಒಂದು ಹಳ್ಳಿಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಸಿಕ್ಕಳು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು, ಒಂದಕ್ಕೂ ಉತ್ತರ ಕೊಡದೆ ತಿರುಗಿ ಕೇಳಿದಳು:

“ನೀನು ಇಸ್ಕೊಂಡ್ಯಾ?”

“ಏನು?”

“ನಿನ್ ಪಾಲ್ನ. ನಿಮ್ಮಪ್ಪಂದು.”

“ನಮ್ಮನೇಲಿ ಇನ್ನೂ ಭಾಗ ಆಗಿಲ್ಲ,” ಎಂದೆ.

“ಆಗ್ಲಿ ಬುಡು. ಆಮ್ಯಾಕೆ ಬಾ, ಮಾತಾಡವ.”

ಮತ್ತೆ ಕಾಯಿ ಸುಲಿಯತೊಡಗಿದಳು. ಏನು ಕೊಬ್ಬು ಈ ಮುದುಕಿಗೆ ಎಂದುಕೊಂಡು, ‘ಮಾಹಿತಿದಾರರು ಸಹಕರಿಸಲಿಲ್ಲ’ ಎಂದು ಬರೆದು ಎದ್ದು ಬಂದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಭಾಗದ ಮಾತನ್ನು ನಾನೂ ಎತ್ತಿರಲಿಲ್ಲ.

ಎತ್ತುವ ಕಷ್ಟವನ್ನು ಅಣ್ಣನೇ ತಪ್ಪಿಸಿದ. ಚನ್ನರಾಯಪಟ್ಟಣದಲ್ಲಿ ಅವನದು ಸಿಮೆಂಟು, ಕಬ್ಬಿಣದ ಅಂಗಡಿ. ರಸ್ತೆ ಪಕ್ಕದ ನಮ್ಮ ಹೊಲದಲ್ಲಿ ಕಲ್ಯಾಣ ಮಂಟಪ ಕಟ್ಟುವ ಯೋಚನೆ ಮಾಡಿದ್ದ. ಬ್ಯಾಂಕಿನವರು ಜಮೀನು ಅವನೊಬ್ಬನ ಹೆಸರಿನಲ್ಲೇ ಇರಬೇಕೆಂದರಂತೆ. ಒಂದು ಬೆಳಿಗ್ಗೆ ಫೋನು ಮಾಡಿದ.

“ಮುಂದಿನ್ ವಾರ ಒಂದ್ ಗಳಿಗೆ ಬಂದೋಗು. ಒಂದ್ ಸೈನ್ ಐತೆ.”

ಅಂಗಡಿಯಿಂದ ಬೆಂಕಿಪೊಟ್ಟಣ ತಂದುಕೊಡು ಎನ್ನುವ ದನಿ. ನನಗೆ ಎಲ್ಲಿತ್ತೋ ಧೈರ್ಯ, “ನನ್ನ ಪಾಲು ನನಗೆ ಕೊಡು,” ಎಂದುಬಿಟ್ಟೆ.

ಅವನು ಗಟ್ಟಿಯಾಗಿ ನಕ್ಕ. “ಓ, ಥೀಸಿಸ್‌ಗೆ ಬೇಕಾ? ಬರ್ಕೊ, ನಮ್ಮಣ್ಣ ಪಾಲು ಕೊಟ್ಟ ಅಂತ. ಯಾರ್ ಬಂದು ಜಮೀನಿನ್ ಪಾಣಿ ನೋಡ್ತಾರೆ?”

“ತಮಾಷೆಗೆ ಹೇಳ್ತಿಲ್ಲ. ನಾನು ಸೈನ್ ಹಾಕಲ್ಲ.”

ಅವನು ಅಂಗಡಿಯಲ್ಲಿ ಕಬ್ಬಿಣ ಇಳಿಸುತ್ತಿದ್ದವರಿಗೆ ಏನೋ ಕೂಗಿ ಹೇಳಿದ. ಆಮೇಲೆ “ಸರಿ ಬುಡು,” ಎಂದು ಫೋನಿಟ್ಟ. ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಗಂಡನಿಗೆ ಹೇಳಿದರೆ “ನಿನ್ನಿಷ್ಟ” ಎಂದ, ಕಣ್ಣಲ್ಲಿ ಆಗಲೇ ನಮ್ಮಪ್ಪನ ತೆಂಗಿನ ತೋಟ ಅಳೆಯುತ್ತಾ. ಅವನದೂ ಅಷ್ಟರಲ್ಲೇ ಇದೆ. ಹೊಳೆನರಸೀಪುರದ ಆ ರೇಷ್ಮೆ ಸೀರೆಗಳನ್ನೆಲ್ಲ ನೆನೆಸಿಕೊಂಡು, ನೋಡ್ರೇ, ಹೀಗೆ ಅನ್ನಬೇಕು ಎಂದು ಮನಸ್ಸಿನಲ್ಲೇ ಅವರಿಗೆ ಪಾಠ ಹೇಳಿದೆ.

ಅಣ್ಣ ಜಗಳಕ್ಕೆ ಬರುತ್ತಾನೆ, ಅಮ್ಮ ಅತ್ತು ಕರೆದು ಮಾಡುತ್ತಾಳೆ ಎಂದು ಕಾಯ್ದೆ. ನನ್ನ ಉತ್ತರಗಳೆಲ್ಲ ತಯಾರಿದ್ದವು, ಕಾನೂನಿನ ಕಲಮುಗಳ ಸಮೇತ. ಯಾರೂ ಏನೂ ಕೇಳಲಿಲ್ಲ. ಹಬ್ಬಕ್ಕೆ ಕರೆದರು, ಹೋದೆ. ಅತ್ತಿಗೆ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು “ಬನ್ನಿ, ಚೆನ್ನಾಗಿದ್ದೀರಾ?” ಎಂದಳು. ಹದಿನೈದು ವರ್ಷ ನನ್ನನ್ನು “ಬಾರೇ, ಓಗೇ” ಎಂದವಳು. ನಡುಮನೆಯಲ್ಲಿ ಒಳ್ಳೆಯ ಕುರ್ಚಿ ಒರೆಸಿ ಹಾಕಿದಳು. ನಾನು ಯಾವತ್ತಿನ ಹಾಗೆ ನೇರ ಅಡುಗೆಮನೆಗೆ ನುಗ್ಗಿ ಸಾರಿನ ಪಾತ್ರೆಯ ಮುಚ್ಚಳ ಎತ್ತಲು ಹೋದರೆ, “ಅಯ್ಯೋ, ನೀವ್ಯಾಕೆ ಬರೋಕೋದ್ರಿ? ಕೂತ್ಕಳಿ, ನಾನೇ ತತ್ತೀನಿ,” ಎಂದು ನಗುನಗುತ್ತಾ ಹೊರಗೆ ಕಳಿಸಿದಳು. ಅಮ್ಮ ಎದುರಿಗೆ ಕೂತು ಮಳೆ ಬೆಳೆ ಮಾತಾಡಿದಳು. ಆಮೇಲೆ ಕೇಳಿದಳು:

“ಯಾವ್ ಬಸ್ಸಿಗೆ ಓಯ್ತೀಯ?”

ನನ್ನ ಅಮ್ಮ ನನ್ನನ್ನು ಬಸ್ಸಿನ ಹೊತ್ತು ಕೇಳಿದ್ದು ಅದೇ ಮೊದಲು. ಮೊದಲೆಲ್ಲ ಹೊರಡುತ್ತೇನೆಂದರೆ ಚಪ್ಪಲಿ ಬಚ್ಚಿಡುತ್ತಿದ್ದಳು.

ಮರುಸಲವೂ ಹೀಗೇ. ಅದರ ಮರುಸಲವೂ. ಎಂಥ ನಯ, ಎಂಥ ಮರ್ಯಾದೆ! ಎರಡು ಬೈಗುಳ ಬೈದಿದ್ದರೆ ಬದುಕುತ್ತಿದ್ದೆ. ಇವರು ನನ್ನನ್ನು ನೆಂಟಳನ್ನಾಗಿ ಮಾಡಿಬಿಟ್ಟರು. ಪ್ರಬಂಧದಲ್ಲಿ ‘ಸಾಮಾಜಿಕ ನಿಯಂತ್ರಣ’ ಎಂಬ ಇಡೀ ಅಧ್ಯಾಯ ಬರೆದಿದ್ದೆ. ಬಹಿಷ್ಕಾರ, ಬೆದರಿಕೆ, ಹೊಡೆತ ಎಂದು ಪಟ್ಟಿ ಮಾಡಿದ್ದೆ. ಕುರ್ಚಿ ಒರೆಸಿ ಹಾಕುವುದನ್ನು ಬರೆದಿರಲಿಲ್ಲ. ಯಾವ ಹೆಂಗಸೂ ನನಗೆ ಹೇಳಿರಲಿಲ್ಲ, ನಾನೂ ಕೇಳುವ ರೀತಿಯಲ್ಲಿ ಕೇಳಿರಲಿಲ್ಲ.

ವೈವಾ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕರಿಗೆ ನನ್ನ ಪ್ರಬಂಧಕ್ಕಿಂತ ವಾಪಸು ಹೋಗುವ ರೈಲಿನದೇ ಚಿಂತೆ. ಪುಟ ತಿರುಗಿಸುತ್ತಾ “ಹಾಗಾದರೆ ಪರಿಹಾರ ಏನು?” ಎಂದರು. “ಶಿಕ್ಷಣ ಸರ್,” ಎಂದೆ. ಸುಳ್ಳೇನಲ್ಲ, ನಾನು ಮಾತಾಡಿಸಿದ ಹೆಂಗಸರಲ್ಲಿ ಪದವಿ ಓದಿದ ಕೆಲವೇ ಕೆಲವರು ಸಹಿ ಹಾಕಲು ಒಪ್ಪಿರಲಿಲ್ಲ. ‘ಓದಿದ ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಡುವುದಿಲ್ಲ’ ಎಂದು ಕೊನೆಯ ಅಧ್ಯಾಯದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಅದನ್ನೇ ಗಂಟಲು ಸರಿಮಾಡಿಕೊಂಡು ಓದಿದೆ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಹಿಂದಿನ ಸಾಲಿನಲ್ಲಿ ಬಿಳಿ ಶರ್ಟು ಹಾಕಿಕೊಂಡು ಕೂತಿದ್ದ ನನ್ನಣ್ಣ.

ವೈವಾ ಊಟ ಅಭ್ಯರ್ಥಿಯೇ ಹಾಕಿಸಬೇಕು, ಅದು ನಮ್ಮಲ್ಲಿನ ಅಲಿಖಿತ ನಿಯಮ. ಎಷ್ಟು ಬೇಡವೆಂದರೂ ಕೇಳದೆ ಅಣ್ಣನೇ ಅಡುಗೆಯವರನ್ನು ಕರೆತಂದು ಒಬ್ಬಟ್ಟಿನ ಊಟ ಮಾಡಿಸಿದ್ದ. ಮಾರ್ಗದರ್ಶಕರು ತುಪ್ಪ ಹಾಕಿಸಿಕೊಂಡು, ಬಾಯಿ ತುಂಬಿಕೊಂಡೇ, “ನಿನ್ನ ಟಾಪಿಕ್ಕೇ ಒಂದು ಹುಡುಗಿಗೆ ಕೊಟ್ಟಿದ್ದೀನಮ್ಮ, ಚನ್ನರಾಯಪಟ್ಟಣಕ್ಕೆ. ತಾಲ್ಲೂಕು ಬೇರೆ ಆದರೆ ಸಾಕು,” ಎಂದರು. ಥೂ ಎನಿಸಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಅಣ್ಣ ಬಡಿಸುವವನಿಗೆ ಹೇಳುತ್ತಿದ್ದ: “ಲೇ, ಮೇಡಂನೋರ್ಗೆ ಇನ್ನೊಂದ್ ಒಬ್ಬಟ್ಟು ಆಕ್ಲಾ.”

ಮೇಡಂನೋರು! ಎಮ್ಮೆಯ ಮೇಲೆ ಕೂರಿಸಿಕೊಂಡು ಕೆರೆಗೆ ಕರೆದೊಯ್ಯುತ್ತಿದ್ದವನ ಬಾಯಲ್ಲಿ. ಅಳು ಬಂತು, ಅದೂ ಅಷ್ಟು ಜನ ಪ್ರೊಫೆಸರುಗಳ ಮಧ್ಯೆ. ಕೈ ತೊಳೆಯುವ ಕಡೆ ಅವನು ಒಬ್ಬನೇ ಸಿಕ್ಕಾಗ ಕೇಳಿದೆ:

“ಯಾವತ್ತು ಬರಲಿ?”

ಯಾತಕ್ಕೆ ಎಂದು ಅವನು ಕೇಳಲಿಲ್ಲ. “ಸೋಮ್ವಾರ ಬಾ,” ಎಂದ. “ಬಾ” ಎಂದ. ಆ ಒಂದು ಏಕವಚನಕ್ಕೆ ನನಗೆ ಆದ ಸಂತೋಷ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯ ಹುಟ್ಟುತ್ತದೆ.

ಸೋಮವಾರ ಅತ್ತಿಗೆ ತಾನೇ ನನ್ನ ಜಡೆಗೆ ಹೂ ಸಿಕ್ಕಿಸುತ್ತಾ “ನೆಟ್ಟಗೆ ನಿಂತ್ಕಳೇ, ಒಳ್ಳೆ ಮಗ ಆಡ್ದಂಗಾಡ್ತೀಯ,” ಎಂದು ಬೈದಳು. ರೇಷ್ಮೆ ಸೀರೆ ಉಡಲು ನನಗೆ ಯಾರೂ ಹೇಳಿರಲಿಲ್ಲ, ನಾನೇ ಉಟ್ಟಿದ್ದೆ. ಚನ್ನರಾಯಪಟ್ಟಣದ ಕಚೇರಿಯಲ್ಲಿ ಫೋಟೊ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಒಪ್ಪಿ ಬರೆದುಕೊಡುತ್ತಿದ್ದೀರಾ ಎಂದು ಕೇಳಿದರು. ಹೌದೆಂದೆ. ಪತ್ರವನ್ನು ಓದಲಿಲ್ಲ.

ಹೊರಗೆ ಬಂದರೆ ಬೇವಿನ ಮರದ ಕೆಳಗೆ ಒಂದು ಹುಡುಗಿ, ಎದೆಗವಚಿದ ಫೈಲು. ಮಾರ್ಗದರ್ಶಕರು ಹೇಳಿದ ಹುಡುಗಿ ಇವಳೇ ಎಂದು ನೋಡಿದ ಕೂಡಲೇ ತಿಳಿಯಿತು. ಅವಳಿಗೆ ನನ್ನ ಮುಖ ಗೊತ್ತಿರಲಿಲ್ಲ.

“ಆಂಟಿ, ಎರಡೇ ನಿಮಿಷ. ಹೆಸರೆಲ್ಲ ಬರೆದುಕೊಳ್ಳಲ್ಲ. ಯಾಕೆ ಸೈನ್ ಹಾಕಿದ್ರಿ?”

“ಅಣ್ಣ ಕೇಳ್ದ, ಆಕ್ದೆ,” ಎಂದೆ.

“ನಿಮ್ಮಿಷ್ಟದಿಂದಾನೇ?”

“ಊ ಕಣವ್ವ.”

ಟಿಕ್ ಹಾಕಿದಳು. ತುಟಿಯ ಕೊನೆ ಒಂದಿಷ್ಟು ಕೊಂಕಿತು. ರಾತ್ರಿ ಡೈರಿಯಲ್ಲಿ ಏನು ಬರೆಯುತ್ತಾಳೆಂದು ನನಗೆ ಗೊತ್ತು. ಹೋಗಲು ತಿರುಗಿದವಳು ಫೈಲು ನೋಡಿ ನಿಂತಳು.

“ಅಯ್ಯೋ, ಒಂದು ಬಿಟ್ಟುಹೋಯ್ತು. ಎಷ್ಟನೇ ಕ್ಲಾಸ್ ಓದಿದೀರಾ ಆಂಟಿ?”

ಅಣ್ಣ ಪಕ್ಕದಲ್ಲೇ ಇದ್ದ. ನನ್ನ ತಂಗಿ ಡಾಕ್ಟ್ರು ಎಂದು ಹೇಳಲು ಹೆಮ್ಮೆಯಿಂದ ಬಾಯಿ ತೆರೆದ. ನಾನು ಅವನಿಗಿಂತ ಮುಂಚೆ ಹೇಳಿದೆ.

“ಏಳ್ನೇ ಕ್ಲಾಸು.”

ಬರೆದುಕೊಂಡಳು. ಓದಿದ ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಡುವುದಿಲ್ಲ ಎಂಬುದು ಇನ್ನು ಚನ್ನರಾಯಪಟ್ಟಣ ತಾಲ್ಲೂಕಿನಲ್ಲೂ ಸಾಬೀತಾಗುತ್ತದೆ.