ಹಲ್ಲು ಮೇಷ್ಟ್ರು ಮತ್ತು ಅವರ ಪಕ್ಕದ ಮನೆಯವನು

ಹಲ್ಲು ಮೇಷ್ಟ್ರು ತೀರಿಕೊಂಡರು. ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು. ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲವೆಂದು ಹುಡುಕಿಕೊಂಡು ಹೋದ, ಅವರು ದುಡಿಯುತ್ತಿದ್ದ ಹಲ್ಲಿನ ಲ್ಯಾಬಿನವರು, ಮೇಜಿನ ಮುಂದೆ ಕುರ್ಚಿಯಲ್ಲಿ ಕೂತ ಹಾಗೆಯೇ ಇದ್ದ ಅವರನ್ನು ಕಂಡರು. ನಮಗೆ ಸುದ್ದಿ ಕೊಟ್ಟವರು ಅವರ ಅಕ್ಕ. ನಮ್ಮ ಆಟದ ಗುಂಪಿನಲ್ಲಿ, ಯಾರದೋ ಹೆಡ್‌ಫೋನಿನ ಒಂದು ಕಿವಿ ಕೇಳಿಸುತ್ತಿಲ್ಲವೆಂಬ ಚರ್ಚೆಯ ನಡುವೆ, ಮೇಷ್ಟ್ರ ಹೆಸರಿನಿಂದಲೇ ಒಂದು ಸಂದೇಶ ಬಂತು: "ನಾನು ಇವನ ಅಕ್ಕ. ನನ್ನ ತಮ್ಮ ಹೋಗಿಬಿಟ್ಟ. ಇಲ್ಲಿ ಏನೇನೋ ದೀಪ ಉರೀತಿವೆ. ಆರಿಸೋದು ಹೇಗೆ ಅಂತ ಯಾರಾದ್ರೂ ಬಂದು ಹೇಳ್ತೀರಾ?"

ಆ ಹೊತ್ತಿಗೂ ಅವರ ಹೆಸರಿನ ಪಕ್ಕದಲ್ಲಿ, ಆಟದಲ್ಲಿದ್ದಾರೆ ಎಂದು ತೋರಿಸುವ ಹಸಿರು ಚುಕ್ಕೆ ಇತ್ತು. ಅದರ ಕೆಳಗೆ, ನಮ್ಮ ಜೊತೆ ಆಡುತ್ತಿದ್ದ ಅವರ ಪಕ್ಕದ ಮನೆಯ ಮೌನಿಯ ಹೆಸರಿನ ಪಕ್ಕದಲ್ಲೂ ಇತ್ತು. ಹಸಿರು ಚುಕ್ಕೆ ಕಂಡರೆ ಮನುಷ್ಯ ಕ್ಷೇಮ ಎಂದು ನಂಬಿಕೊಂಡ ಜನ ನಾವು. ಬೆಳಿಗ್ಗೆಯೇ ಗುಂಪಿನ ಕ್ರೇನ್ ಅಣ್ಣ, "ಏನ್ ಮೇಷ್ಟ್ರೇ, ಇವತ್ತು ಕೆಲಸಕ್ಕೆ ಚಕ್ಕರ್ರಾ?" ಎಂದು ಕೇಳಿ, ಉತ್ತರ ಬಾರದಿದ್ದಾಗ, "ದೊಡ್ಡ ಮನುಷ್ಯರಪ್ಪಾ" ಎಂದು ಹಂಗಿಸಿ ಸುಮ್ಮನಾಗಿದ್ದ.

ಗುಂಪಿನವರಲ್ಲಿ ಅವರ ಮನೆಗೆ ಹತ್ತಿರವಿದ್ದದ್ದು ನಾನು. ಹತ್ತಿರವೆಂದರೆ ಎರಡು ಬಸ್ಸು ಬದಲಿಸಬೇಕು. ವರ್ಷಗಟ್ಟಲೆ ಪ್ರತಿ ಸಂಜೆ ಮಾತಾಡಿದ ಮನುಷ್ಯನ ಮುಖವನ್ನು ನಾನು ಮೊದಲ ಸಲ ನೋಡಿದ್ದು ಅಕ್ಕ ಕಪಾಟಿನ ಮೇಲೆ ನಿಲ್ಲಿಸಿದ್ದ ಫೋಟೋದಲ್ಲಿ. ದಪ್ಪ ಹುಬ್ಬು, ಸಣ್ಣ ಬಾಯಿ. ಅಷ್ಟೊಂದು ಮಾತು ಈ ಬಾಯಿಂದಲೇ ಬರುತ್ತಿತ್ತೇ ಅನ್ನಿಸಿತು.

ಮೂರನೆಯ ಮಹಡಿಯ ಕೊನೆಯ ಕೋಣೆ. ಒಂದು ಮಂಚ, ಒಂದೇ ಉರಿಯ ಒಲೆ, ತಂತಿಯ ಮೇಲೆ ಒಣಗಿ ಸೆಟೆದ ಎರಡು ಅಂಗಿ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ. ಮೇಜಿನ ಮೇಲೆ ಒಂದು ದೊಡ್ಡ ಪರದೆ, ಅದರ ಪಕ್ಕದಲ್ಲಿ ಮೂಲೆ ಬಿರುಕು ಬಿಟ್ಟ ಒಂದು ಹಳೆಯ ಲ್ಯಾಪ್‌ಟಾಪ್. ಎರಡೂ ಉರಿಯುತ್ತಿದ್ದವು.

"ಪಕ್ಕದ ಮನೆಯವರಿಗೆ ತಿಳಿಸಿದ್ರಾ ಅಕ್ಕಾ? ಮಾತಾಡದೋರು ಒಬ್ರು ಇದ್ದಾರಲ್ಲ," ಎಂದೆ.

"ಯಾವ ಪಕ್ಕದ ಮನೆ? ಈ ಕಡೆ ಮೆಟ್ಟಿಲು. ಆ ಕಡೆ ನೀರಿನ ಟ್ಯಾಂಕು." ಅಕ್ಕ ಬಗ್ಗಿ ಮೇಜಿನ ಕೆಳಗೆ ತೋರಿಸಿದರು. "ನೋಡಿ, ಇದು ಲ್ಯಾಬಿಂದು. ಹಲ್ಲು ತಿಕ್ಕಿ ನಯ ಮಾಡೋ ಮಿಷನ್ನಿನ ಪೆಡಲು. ಹಾಳಾಗಿದ್ದನ್ನ ಕೇಳಿ ತಂದಿದ್ನಂತೆ. ಮನೇಲಿ ಏನು ಕೆಲಸ ಇದಕ್ಕೆ?"

ಪೆಡಲಿನಿಂದ ಹೊರಟ ವೈರು ಹಳೆಯ ಲ್ಯಾಪ್‌ಟಾಪಿಗೆ ಸೇರಿತ್ತು. ನಾನು ಕಾಲಿನಿಂದ ಮೆಲ್ಲಗೆ ಒತ್ತಿದೆ. ಬಿರುಕು ಬಿಟ್ಟ ಪರದೆಯಲ್ಲಿ, ನಮ್ಮ ಆಟದ ಬಿಡಾರದಲ್ಲಿ ಇನ್ನೂ ಉರಿಯುತ್ತಿದ್ದ ಬೆಂಕಿಯ ಪಕ್ಕ, ಮೌನಿ ಎರಡು ಹೆಜ್ಜೆ ಮುಂದೆ ನಡೆದ.

ನಮ್ಮ ಗುಂಪಿನ ಮೌನಿ ಬೇರೆ ಯಾರೂ ಆಗಿರಲಿಲ್ಲ. ಹಲ್ಲು ಮೇಷ್ಟ್ರ ಬಲಗಾಲು.

ಮೇಷ್ಟ್ರ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಿದ್ದರು. ಇವರು ಮೇಣದಲ್ಲಿ ಒಸಡು ಮಾಡಿ, ಹಲ್ಲು ಕೂರಿಸಿ, ಕೊನೆಗೆ ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಿದ್ದರು. ಸೆಟ್ಟು ತಯಾರಾದರೆ ಡಬ್ಬಿಯಲ್ಲಿ ಹೊರಟುಹೋಗುತ್ತಿತ್ತು. ಅದನ್ನು ಹಾಕಿಕೊಂಡು ನಕ್ಕವರನ್ನು ಅವರು ಒಬ್ಬರನ್ನೂ ನೋಡಿರಲಿಲ್ಲ. ಲ್ಯಾಬಿನಲ್ಲಿ ಎಲ್ಲರ ಮೂಗು ಬಾಯಿಗೆ ಮಾಸ್ಕು, ಕಿವಿಗೆ ಮುಚ್ಚಳ, ದಿನವಿಡೀ ಚಕ್ರಗಳ ಕಿರುಚಾಟ. ಮಾತೆಂಬುದು ಕೈಸನ್ನೆಗೆ ಮುಗಿಯುತ್ತಿತ್ತು. ಮದುವೆಯ ಮಾತು ಎರಡು ಕಡೆ ನಡೆದು ಎರಡೂ ಕಡೆ ನಿಂತುಹೋಗಿತ್ತು. ಮೂರನೆಯದನ್ನು ಅವರೇ ಬೇಡವೆಂದಿದ್ದರು. "ಫೋನ್ ಮಾಡಿದ್ರೆ ಹೂಂ, ಊಹೂಂ. ಅಷ್ಟೇ ಅವನ ಮಾತು. ಹುಟ್ಟಿದಾಗಿನಿಂದ ಬಾಯಿ ಸತ್ತವನು," ಎಂದು ಅಕ್ಕ ಹೇಳಿದಾಗ ನಾನು ಬೇರೆ ಯಾರದೋ ಮನೆಗೆ ಬಂದಿದ್ದೇನೆಂದುಕೊಂಡೆ.

ನಮಗೆ ಗೊತ್ತಿದ್ದ ಮೇಷ್ಟ್ರು ಬಾಯಿ ಮುಚ್ಚಿದ್ದೇ ಇಲ್ಲ. ನಮ್ಮದು ಆಟದ ಜೊತೆಗೆ ಮೊಬೈಲು, ಮೌಸು, ಹೆಡ್‌ಫೋನುಗಳ ಕಷ್ಟಸುಖ ಹೇಳಿಕೊಳ್ಳುವ ಗುಂಪೂ ಆಗಿತ್ತು. ಮೇಷ್ಟ್ರು ಗುಂಪಿಗೆ ಬಂದ ಹೊಸದರಲ್ಲಿ ಯಾರೋ, ಫೋನ್ ಚಾರ್ಜ್ ಆಗುತ್ತಿಲ್ಲ, ತೂತಿನಲ್ಲಿ ಕಸ ಕೂತಿದೆ ಎಂದಿದ್ದರು. "ಹಳೇ ಹಲ್ಲುಜ್ಜೋ ಬ್ರಶ್ ತಗೊಳ್ಳಿ. ಮೇಲಿಂದ ಕೆಳಗೆ ಮೆಲ್ಲಗೆ. ಅಡ್ಡಡ್ಡ ಉಜ್ಜಬೇಡಿ, ಒಸಡು ಹೋಗುತ್ತೆ," ಎಂದು ಇವರು ಹೇಳಿದ್ದೇ ತಡ, ಹಲ್ಲು ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು. ಬ್ಯಾಟರಿ ಊದಿಕೊಂಡಿದೆ ಎಂದರೆ, "ಊದಿದ್ದನ್ನ ಒತ್ತಬಾರದು. ಒಸಡಿಗೂ ಅದೇ ಮಾತು." ಹೊಸ ಮಾನಿಟರಿಗೆ ಆಸೆಪಟ್ಟು ದುಡ್ಡಿಲ್ಲದೆ ಕೂತವರಿಗೆ, "ಹಲ್ಲಿದ್ದೋರಿಗೆ ಕಡಲೆ ಇಲ್ಲ ಅಂತ ಅಳಬೇಡಿ. ಕಡಲೆ ಬಂದ ದಿನ ಹೇಳಿ, ಹಲ್ಲು ನಾನು ಕೊಡ್ತೀನಿ."

ನಾವು ಆಡುತ್ತಿದ್ದದ್ದು ನಾಲ್ವರ ಆಟ. ಕಾಡಿನ ಅಂಚಿನಲ್ಲೊಂದು ಬಿಡಾರ, ಬಿಡಾರದ ನಡುವೆ ಬೆಂಕಿ. ಬಿಡಾರದಲ್ಲಿ ಒಬ್ಬರೇ ಎಷ್ಟು ಹೊತ್ತಾದರೂ ಕೂರಬಹುದು, ಆದರೆ ಕಾಡಿನ ಬಾಗಿಲು ತೆರೆಯಬೇಕಾದರೆ ನಾಲ್ಕು ಜನ ಬೇಕು. ಮೂವರಿದ್ದರೂ ತೆರೆಯುವುದಿಲ್ಲ, ಐದನೆಯವರಿಗೆ ಜಾಗವಿಲ್ಲ. ಬೆಂಕಿ ಆರಿದರೆ ಮೃಗಗಳು ಬಂದು ಕೂಡಿಟ್ಟದ್ದನ್ನೆಲ್ಲ ಎಳೆದುಕೊಂಡು ಹೋಗುತ್ತವೆ. ಹಾಗಾಗಿ ನಮ್ಮಲ್ಲೊಂದು ಕಟ್ಟುಪಾಡು ಇತ್ತು: ಕೊನೆಗೆ ಹೊರಡುವವರು ಬೆಂಕಿಗೆ ಒಂದು ಕೊರಡು ಹಾಕಿಯೇ ಹೊರಡಬೇಕು. ಬಂದರಿನಲ್ಲಿ ಕ್ರೇನು ನಡೆಸುವ ಕ್ರೇನ್ ಅಣ್ಣ, ಗ್ರಂಥಾಲಯದಲ್ಲಿ ಕೆಲಸ ಮಾಡುವುದರಿಂದ 'ಲೈಬ್ರರಿ' ಎಂದು ಕರೆಸಿಕೊಂಡ ನಾನು, ಟೇಲರ್ ಅಕ್ಕ, ಮೇಷ್ಟ್ರು. ಇಷ್ಟೇ ನಮ್ಮ ಬಿಡಾರ.

ಟೇಲರ್ ಅಕ್ಕನಿಗೆ ಮೊಮ್ಮಗು ಹುಟ್ಟಿತು. ಮಗು ಎತ್ತಿಕೊಂಡ ಕೈ ಇನ್ನು ಮೌಸ್ ಹಿಡಿಯುವುದಿಲ್ಲ ಎಂದು ನಗುತ್ತಲೇ ಬಿಟ್ಟರು. ನಾವು ಮೂವರಾದೆವು. ಬಾಗಿಲು ಮುಚ್ಚಿತು. ಸಿಕ್ಕಸಿಕ್ಕವರನ್ನು ಕರೆದು ನೋಡಿದೆವು. ಒಬ್ಬ ಬೈಗುಳದ ಗಣಿ, ಇನ್ನೊಬ್ಬ ಅರ್ಧ ಕಾಡಿನಲ್ಲಿ ಬಿಟ್ಟು ಓಡಿಹೋದ. ಕ್ರೇನ್ ಅಣ್ಣ ಬೇರೆ ಆಟದ ಹೆಸರು ಎತ್ತತೊಡಗಿದ. ನಾನೂ ಸಂಜೆಗೆ ಒಂದು ಪುಸ್ತಕ ತೆಗೆದಿಟ್ಟುಕೊಂಡೆ. ನಮಗೆ ಹೋಗಲು ಬೇರೆ ಜಾಗಗಳಿದ್ದವು. ಮೇಷ್ಟ್ರಿಗೆ ದಿನದ ಮಾತೆಲ್ಲ ಸೇರಿ ಇದ್ದದ್ದು ಸಂಜೆಯ ಆಟದ ಎರಡು ಗಂಟೆ. ಅದು ನಮಗೆ ಆಗ ಗೊತ್ತಿರಲಿಲ್ಲ.

ಒಂದು ಸಂಜೆ ಅವರು ಮೌನಿಯನ್ನು ಕರೆತಂದರು.

"ನಮ್ಮ ಪಕ್ಕದ ಮನೆಯವನು. ಮಾತಾಡಕ್ಕಾಗಲ್ಲ ಅವನಿಗೆ, ಮೈಕ್ ಕೇಳಬೇಡಿ. ಪಾಪ, ಹಿಂದಿಲ್ಲ ಮುಂದಿಲ್ಲ. ಹೂಂ ಅನ್ನಬೇಕಾದ್ರೆ ಕೂತು ಏಳ್ತಾನೆ."

ಮೌನಿ ಒಮ್ಮೆ ಕೂತು ಎದ್ದ. ಬಾಗಿಲು ತೆರೆಯಿತು.

ಮೌನಿಯಷ್ಟು ಕೆಟ್ಟ ಆಟಗಾರನನ್ನು ನಾವು ನೋಡಿರಲಿಲ್ಲ. ನೆಟ್ಟಗೆ ನಡೆಯುವುದು, ಕೂತು ಏಳುವುದು, ಬೆಂಕಿ ಎದುರಾದರೆ ಕೊರಡು ಹಾಕುವುದು, ಇಷ್ಟೇ ಬರುತ್ತಿತ್ತು. ಮರ ಸಿಕ್ಕರೆ ಮರಕ್ಕೆ, ಬಂಡೆ ಸಿಕ್ಕರೆ ಬಂಡೆಗೆ ಮುಖ ಒತ್ತಿಕೊಂಡು ನಡೆಯುತ್ತಲೇ ಇರುತ್ತಿದ್ದ. ಮೇಷ್ಟ್ರು ಗುಡ್ಡ ಹತ್ತಿದರೆ ಇವನು ಹೊಳೆಗೆ ಇಳಿಯುತ್ತಿದ್ದ.

"ಎತ್ತು ಏರಿಗೆ, ಕೋಣ ನೀರಿಗೆ! ಎಂಥಾ ಜೋಡಿ ಮೇಷ್ಟ್ರೇ ನಿಮ್ದು," ಎಂದು ಕ್ರೇನ್ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಇವನು ಕೈಯಲ್ಲಿ ಆಡ್ತಾನೋ ಕಾಲಲ್ಲೋ?"

"ಕಾಲಲ್ಲೇ ಇರಬೇಕಪ್ಪಾ," ಎಂದಿದ್ದರು ಮೇಷ್ಟ್ರು.

ಆದರೂ ಮೌನಿಯನ್ನು ಕಂಡರೆ ನಮಗೆಲ್ಲ ಜೀವ. ಬಿದ್ದರೆ ಎತ್ತುತ್ತಿದ್ದೆವು, ಹೊಳೆಗಿಳಿದರೆ ಎಳೆದು ತರುತ್ತಿದ್ದೆವು. ಕ್ರೇನ್ ಅಣ್ಣ ತನ್ನ ಕೈಯಿಂದಲೇ ಒಂದು ಒಳ್ಳೆಯ ಮೌಸು ಕೊಂಡು, 'ಪಕ್ಕದ ಮನೆಯವರಿಗೆ ತಲುಪಿಸಿ' ಎಂದು ಮೇಷ್ಟ್ರ ವಿಳಾಸಕ್ಕೆ ಕಳಿಸಿದ. "ಕೊಟ್ಟೆ. ತುಂಬಾ ಹೊತ್ತು ಕೈಯಲ್ಲೇ ಹಿಡ್ಕೊಂಡಿದ್ದ," ಎಂದು ಮೇಷ್ಟ್ರು ಹೇಳಿದರು. ನಾನು ಹೋದಾಗ ಆ ಮೌಸು ಹಳೆಯ ಲ್ಯಾಪ್‌ಟಾಪಿನ ಪಕ್ಕ ಇತ್ತು. ಮೇಲಿನ ತೆಳು ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ.

ಹೀಗೆ ಒಂದು ವರ್ಷಕ್ಕೂ ಮೇಲೆ ನಡೆಯಿತು. ಆಮೇಲೆ ಕ್ರೇನ್ ಅಣ್ಣನ ತಂಗಿ ಗಂಡನನ್ನು ಬಿಟ್ಟು ಅಣ್ಣನ ಮನೆಗೆ ಬಂದಳು.

"ಇಡೀ ದಿನ ಗೋಡೆ ನೋಡ್ತಾ ಕೂರ್ತಾಳೆ. ನಾನು ಆಡುವಾಗ ಮಾತ್ರ ಹಿಂದೆ ಬಂದು ನಿಂತ್ಕೋತಾಳೆ. ನಿಮ್ಮ ಮಾತಿಗೆ ಮೊನ್ನೆ ನಕ್ಕಳು ಮೇಷ್ಟ್ರೇ, ಬಂದಮೇಲೆ ಮೊದಲ ಸಲ. ಅವಳಿಗೊಂದು ಜಾಗ ಮಾಡಿಕೊಡಿ," ಎಂದ ಕ್ರೇನ್ ಅಣ್ಣ.

ಮೇಷ್ಟ್ರು ತಡಮಾಡಲಿಲ್ಲ. "ಅದಕ್ಕೇನಪ್ಪಾ, ಬರಲಿ. ಮೌನಿನ ಬಿಡಿಸ್ತೀನಿ. ಅವನೇನು ಬೇಜಾರು ಮಾಡ್ಕೊಳ್ಳಲ್ಲ."

"ಏನ್ ಮಾತು ಇದು!" ಕ್ರೇನ್ ಅಣ್ಣನಿಗೆ ನಿಜವಾಗಿ ಸಿಟ್ಟು ಬಂತು. "ಹಿಂದಿಲ್ಲ ಮುಂದಿಲ್ಲ ಅಂದೋರು ನೀವೇ. ಆ ಬಾಯಿಲ್ಲದ ಪ್ರಾಣಿನ ಹೊರಗೆ ಹಾಕಿ ನನ್ನ ತಂಗಿನ ಕೂರಿಸಿದ್ರೆ ಅವಳಿಗೆ ಒಳ್ಳೇದಾಗುತ್ತಾ? ಅವನು ಹೋಗಬೇಕಾದ್ರೆ ಮೊದಲು ನಾನು ಹೋಗ್ತೀನಿ." ಆಮೇಲೆ ದನಿ ಇಳಿಸಿ, ತಮಾಷೆಗೆಂಬಂತೆ, "ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನಂತೆ ಮೇಷ್ಟ್ರೇ. ನಿಮ್ಮ ಬಾಯಿಗೆ ಹತ್ತು ಗುಂಪು ಸಿಗುತ್ತೆ," ಎಂದ.

ಸರದಿ ಹಾಕೋಣ, ನಾನೂ ಕೆಲವು ದಿನ ಬಿಡುತ್ತೇನೆ ಎಂದೆ. ಮೇಷ್ಟ್ರು ಆಗಲೇ ನಿಜ ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು, ಬಹುಶಃ ಒಂದು ವರ್ಷ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ಆದರೆ ಅಷ್ಟು ಪ್ರೀತಿಯಿಂದ ಕಳಿಸಿದ ಮೌಸು ಮುಂದೆಯೇ ಇದ್ದಾಗ ಆ ಮಾತು ಹೊರಡುವುದು ಸುಲಭವಲ್ಲ.

"ಸರದಿ ಗಿರದಿ ಬೇಡ ಲೈಬ್ರರಿಯವರೇ," ಎಂದರು ಕೊನೆಗೆ. "ಲ್ಯಾಬಲ್ಲಿ ಕೆಲಸ ಜಾಸ್ತಿ ಆಗಿದೆ. ನಾನೇ ಬಿಡ್ತೀನಿ. ಆ ಮಗು ಆಡಲಿ."

ಮರುದಿನದಿಂದ ಮೌನಿ ಬಂದ, ಮೇಷ್ಟ್ರು ಬರಲಿಲ್ಲ. ಮಾತನ್ನು ಬಿಟ್ಟುಕೊಟ್ಟು ಜೊತೆಯನ್ನು ಉಳಿಸಿಕೊಂಡಿದ್ದರು. ಮೌನಿಯ ಆಟ ರಾತ್ರಿ ಕಳೆಯುವುದರೊಳಗೆ ಬದಲಾಗಿತ್ತು. ಮರ ಬಳಸಿ ನಡೆದ, ಬಂಡೆ ಹತ್ತಿದ, ತಂಗಿ ಬಿದ್ದಾಗ ಎಲ್ಲರಿಗಿಂತ ಮೊದಲು ಓಡಿ ಎತ್ತಿದ. "ಮೌಸಿನ ಮಹಿಮೆ!" ಎಂದು ಕ್ರೇನ್ ಅಣ್ಣ ಬೀಗಿದ. ಈಗ ಅವನಿಗೆ ಎರಡು ಕೈಗಳಿದ್ದವೆಂದು ನಮಗೆ ಹೊಳೆಯಲಿಲ್ಲ.

ಬೆಂಕಿಯ ಸುತ್ತ ಕೂತು ಮೇಷ್ಟ್ರ ವಿಷಯ ಮಾತಾಡಿಕೊಳ್ಳುತ್ತಿದ್ದೆವು. "ಮೇಷ್ಟ್ರು ಇಲ್ದೆ ಕಿವಿಗೆ ರಜಾ ಸಿಕ್ಕಿದೆ. ಆದ್ರೂ ಬಿಕೋ ಅನ್ನುತ್ತಪ್ಪ," ಎನ್ನುತ್ತಿದ್ದ ಕ್ರೇನ್ ಅಣ್ಣ. "ಅಲ್ವೇನೋ ಮೌನಿ?" ಮೌನಿ ಕೂತು ಏಳುತ್ತಿದ್ದ. ಗುಂಪಿನಲ್ಲಿ ಯಾರಾದರೂ ಚಾರ್ಜರಿನ ವಿಷಯ ಕೇಳಿದರೆ ಮೇಷ್ಟ್ರು ಒಂದು ಸಾಲಿನ ಉತ್ತರ ಹಾಕುತ್ತಿದ್ದರು, ಹಲ್ಲಿನ ಮಾತಿಲ್ಲದೆ.

ಕೊನೆಯ ಸಂಜೆ ತಂಗಿಗೆ ಜ್ವರ. ಮೂವರೇ ಇದ್ದೆವು. "ಮೇಷ್ಟ್ರನ್ನ ಕರೀರಿ. ಅವರ ಕೆಲಸಕ್ಕೆ ಬೆಂಕಿ ಬೀಳ," ಎಂದ ಕ್ರೇನ್ ಅಣ್ಣ. 'ಒಂದು ಜಾಗ ಖಾಲಿ ಇದೆ, ಬರ್ತೀರಾ?' ಎಂದು ಸಂದೇಶ ಕಳಿಸಿದೆ. ನಡೆಯುತ್ತಿದ್ದ ಮೌನಿ ಗಕ್ಕನೆ ನಿಂತುಬಿಟ್ಟ. ದೊಡ್ಡ ಪರದೆಯನ್ನು ಮೇಷ್ಟ್ರಿಗೆ ಬಿಟ್ಟು, ಮೌನಿಯನ್ನು ಹಳೆಯ ಲ್ಯಾಪ್‌ಟಾಪಿಗೆ ಸಾಗಿಸಿ, ಪೆಡಲನ್ನು ಮಂಚದ ಕೆಳಗಿನಿಂದ ಎಳೆಯಲು ಹಿಡಿದ ಹೊತ್ತು ಅದೆಂದು ಈಗ ಗೊತ್ತಾಗುತ್ತದೆ. ಆಮೇಲೆ ಆ ದನಿ ಬಂತು, ಸ್ವಲ್ಪ ಏದುಸಿರು ಬೆರೆತು:

"ಏನ್ರಪ್ಪಾ, ಹಲ್ಲೆಲ್ಲ ಸರಿಯಾಗಿವೆಯಾ?"

ಆ ಸಂಜೆ ಮೇಷ್ಟ್ರು ಉಸಿರು ತೆಗೆದುಕೊಳ್ಳದೆ ಮಾತಾಡಿದರು. ಅಚ್ಚು ನೋಡಿಯೇ ಮನುಷ್ಯ ಜಗಳಗಂಟನೋ ಅಲ್ಲವೋ ಹೇಳಬಹುದೆಂದರು. ಸೆಟ್ಟು ಕಟ್ಟಿಸಿಕೊಂಡವರೆಲ್ಲ ಒಂದು ದಿನ ಒಟ್ಟಿಗೆ ನಕ್ಕರೆ ಹೇಗಿರುತ್ತದೆ ನೋಡಬೇಕೆಂದರು. ಮೌನಿ ಮತ್ತೆ ಮೊದಲಿನಂತಾಗಿ, ಎದುರು ಸಿಕ್ಕ ಮೊದಲ ಮರಕ್ಕೇ ಮುಖ ಒತ್ತಿದ. "ನಿಮ್ಮನ್ನ ನೋಡಿದ ಖುಷಿಗೆ ಇವನಿಗೆ ದಾರಿನೇ ಮರೆತುಹೋಯ್ತು!" ಎಂದು ಕ್ರೇನ್ ಅಣ್ಣ ಕೂಗಿದ. ನಾಲ್ವರೂ ಕಾಡಿನಲ್ಲಿ ಸತ್ತೆವು, ಅಷ್ಟು ಕೆಟ್ಟದಾಗಿ ಆಡಿದೆವು, ಅಷ್ಟೇ ನಕ್ಕೆವು.

ಬಿಡಾರಕ್ಕೆ ಮರಳಿದ ಮೇಲೆ ಕ್ರೇನ್ ಅಣ್ಣ ಹೇಳಿದ, "ನಾಳೆಯಿಂದ ಸರದಿನೇ ಹಾಕೋಣ ಮೇಷ್ಟ್ರೇ. ನಿಮ್ಮ ಗಂಟಲು ಕೇಳ್ದೆ ನನಗೆ ಊಟ ಸೇರಲ್ಲ. ತಂಗಿನೂ ಕೇಳ್ತಿರ್ತಾಳೆ."

"ನೋಡೋಣಪ್ಪಾ," ಎಂದರು ಮೇಷ್ಟ್ರು. "ಮೌನಿನ ಒಂದು ಮಾತು ಕೇಳಿ ಹೇಳ್ತೀನಿ."

ಕ್ರೇನ್ ಅಣ್ಣ ಹೊರಟ. ನಾನೂ ಹೊರಟೆ. ಹೊರಡುವಾಗ ಬೆಂಕಿಯ ಆಚೆ ಒಬ್ಬರು ಈಚೆ ಒಬ್ಬರು ಇಬ್ಬರೂ ನಿಂತಿದ್ದರು. ಆಟದಲ್ಲಿ ಯಾರು ಏನು ಮಾಡಿದರೆಂಬುದು ಬಿಡಾರದ ಗೋಡೆಯ ಮೇಲೆ ಸಾಲುಸಾಲಾಗಿ ಉಳಿಯುತ್ತದೆ. ಅಕ್ಕನ ಎದುರು ಆ ಲ್ಯಾಪ್‌ಟಾಪನ್ನು ಆರಿಸುವ ಮುನ್ನ ಓದಿದೆ. ನಾನು ಹೋದ ಮೇಲೆ ಮೇಷ್ಟ್ರು ಏನೂ ಮಾಡಿರಲಿಲ್ಲ. ಮೌನಿ ನೆಟ್ಟಗೆ ಬೆಂಕಿಯ ಹತ್ತಿರ ನಡೆದು ಒಂದು ಕೊರಡು ಹಾಕಿದ್ದ.