ಓಯಿವನ ಬೆರಳು

ಈಗ ನಮ್ಮೂರು ಹೌಕಿವಾರದ ಶೂಟಿಂಗ್ ರೇಂಜಿನಲ್ಲಿ ಬಿಸಿ ಅಳೆಯುವ ಯಂತ್ರ ಇದೆ. ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತದೆ, ಪರದೆಯ ಮೇಲೆ ಅಂಕಿ ಮೂಡುತ್ತದೆ. ಒಳ್ಳೆಯ ಯಂತ್ರವೇ, ನಾನೇ ಹಟ ಹಿಡಿದು ತರಿಸಿದ್ದು. ಆದರೆ ಅದರ ಜೊತೆ ಜಗಳ ಆಡುವುದಕ್ಕಾಗುವುದಿಲ್ಲ. ಅದು ನನ್ನ ಕಾಫಿ ಕಲಗಚ್ಚು ಅಂತ ಮುಖ ಕಿವಿಚುವುದಿಲ್ಲ. ಅದು ಬರುವ ಮುಂಚೆ ನಮಗೆ ಇದ್ದದ್ದು ಓಯಿವ ಕಾರ್ಪಿನೆನ್‌ನ ಬಲಗೈ ತೋರುಬೆರಳು.

ಓಯಿವ ರೇಂಜಿನ ಮೇಲ್ವಿಚಾರಕ. ಸಂಬಳವೇನೂ ಇರಲಿಲ್ಲ, ಒಂದು ಕೀಲಿಗೊಂಚಲು ಇತ್ತು. ಮೂವತ್ತೈದು ವರ್ಷ ಕಾಡಿನಲ್ಲಿ ಮೋಟಾರು ಗರಗಸ ಹಿಡಿದು ಮರ ಕಡಿದವನು. ಮದುವೆಯಾಗಲಿಲ್ಲ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಬೇಟೆಯವರ ರೈಫಲ್ಲುಗಳಿಗೆ ಸೈಲೆನ್ಸರ್ ಬಂದಾಗ ಊರಲ್ಲಿ ಮೊದಲು ಕೊಂಡವನು ಅವನೇ. ಇದೇನು ಕಳ್ಳರ ಸಾಮಾನು ಅಂತ ಎಲ್ಲರೂ ನಕ್ಕರು.

"ನಗ್ರಪ್ಪಾ ನಗ್ರಿ. ನೀವು ನಗೋದೂ ನಂಗೆ ಸರಿಯಾಗಿ ಕೇಳ್ಸಲ್ಲ. ಅದಕ್ಕೇ ತಗೊಂಡಿದ್ದು ಇದನ್ನ" ಅಂದನಂತೆ.

ಐದು ವರ್ಷ ಕಳೆಯುವುದರೊಳಗೆ ನಕ್ಕವರೆಲ್ಲರ ನಳಿಗೆಯ ತುದಿಯಲ್ಲೂ ಅದು ಕೂತಿತ್ತು. ಅದನ್ನು ನಾವು ಕರೆಯುವುದು ಡಬ್ಬಿ ಅಂತ.

ಡಬ್ಬಿಯ ತಕರಾರು ಒಂದೇ. ಸದ್ದನ್ನು ನುಂಗುವ ಹಾಗೆ ಬೆಂಕಿಯನ್ನೂ ತಾನೇ ನುಂಗಿಕೊಂಡು ಕೂರುತ್ತದೆ. ಸಾಲಾಗಿ ಏಳೆಂಟು ಗುಂಡು ಹೊಡೆದರೆ ಮುಗಿಯಿತು. ಮೊಪೆಡ್ಡಿನ ಸೈಲೆನ್ಸರಿಗೆ ಕಾಲು ತಾಗಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೋಡಲು ಮಾತ್ರ ಏನೂ ಗೊತ್ತಾಗುವುದಿಲ್ಲ, ಅದೇ ಕಪ್ಪು ಬಣ್ಣ. ಆಗಸ್ಟ್ ತಿಂಗಳಲ್ಲಿ, ದೊಡ್ಡ ಕಡವೆ ಬೇಟೆಯ ಪರವಾನಗಿಗೆ ಪಾಸಾಗಬೇಕಾದ ಗುರಿ ಪರೀಕ್ಷೆ ಹತ್ತಿರ ಬಂತೆಂದರೆ, ದಿನಾ ಸಂಜೆ ರೇಂಜು ತುಂಬಿರುತ್ತಿತ್ತು. ಓಯಿವ ಕಟ್ಟುನಿಟ್ಟು. ಗುಂಡು ಮುಗಿದ ಕೂಡಲೆ ರೈಫಲ್ ಖಾಲಿ ಮಾಡಿ ತೋರಿಸಬೇಕು. ಮರದ ಚೌಕಟ್ಟಿನಲ್ಲಿ ಅದನ್ನು ಮರಳಿನ ದಿಬ್ಬದ ಕಡೆ ಮುಖ ಮಾಡಿ ಇಡಬೇಕು. ಆಮೇಲೆ ಯಾರೂ ಮುಟ್ಟುವಂತಿಲ್ಲ. ಬಿಸಿ ಡಬ್ಬಿಯನ್ನು ಚೀಲಕ್ಕೆ ತುರುಕಿದರೆ ಚೀಲವೇ ಕರಗಿ ಅಂಟಿಕೊಳ್ಳುತ್ತದೆ. ನಮ್ಮ ಬೇಟೆ ಸಂಘದ ಅಧ್ಯಕ್ಷ ರೇಯೊ ಒಮ್ಮೆ ಹೊಸ ಚೀಲ ಹಾಗೆ ಕಳೆದುಕೊಂಡು, ಅದು ಇಲಿ ಕಡಿದದ್ದು ಅಂತ ಮನೆಯಲ್ಲಿ ಹೇಳಿದ್ದ.

ರೈಫಲ್ ಇಟ್ಟ ಮೇಲೆ ಕಾಫಿ. ಕ್ಯಾಂಟೀನು ನನ್ನದು. ಕಾಫಿ, ಏಲಕ್ಕಿ ಬನ್ನು, ಸುಟ್ಟ ಸಾಸೇಜು. ಒಂದು ಲೋಟ ಕಾಫಿ ಮುಗಿಯುವ ಹೊತ್ತಿಗೆ ಓಯಿವ ಎದ್ದು ಚೌಕಟ್ಟಿನ ಹತ್ತಿರ ಹೋಗಿ, ಬೆರಳ ತುದಿಯನ್ನು ಡಬ್ಬಿಗೆ ಒಂದು ಕ್ಷಣ ತಾಗಿಸಿ ತೆಗೆಯುತ್ತಿದ್ದ. ತಣ್ಣಗಾಗಿದ್ದರೆ "ಬಿಚ್ಕೋ" ಅನ್ನುತ್ತಿದ್ದ. ಇಲ್ಲದಿದ್ದರೆ "ಇನ್ನೊಂದು ಕಾಫಿ." ಈ ಅಳತೆ ಊರಿಗೇ ಅಂಟಿಕೊಂಡಿತು. ಅಂಚೆಯ ಅರ್ವೊ ತಡವಾಗಿ ಬಂದು ಬೆಂಚಿನ ತುದಿಯಲ್ಲಿ ಕೂತು, "ಇವತ್ತು ಮನೆಗೆ ಬೇಗ ಹೋಗೋ ಹಾಗಿಲ್ಲ ಕಣಪ್ಪಾ. ನಮ್ಮವಳು ಮೂರು ಕಾಫಿ ಬಿಸಿ ಇದಾಳೆ" ಅನ್ನುತ್ತಿದ್ದ. ಎಷ್ಟು ಒಳ್ಳೆಯ ಸಂಜೆಗಳು ಅವು! ರಾತ್ರಿ ಹತ್ತು ಗಂಟೆಗೂ ಬೆಳಕು, ಸೊಳ್ಳೆಗಳ ಕಾಟ, ಬೆಂಚಿನ ತುಂಬ ಜನ, ಎಲ್ಲರ ನಡುವೆ ಓಯಿವ. ಅವನಿದ್ದಾಗ ಆ ಜಾಗಕ್ಕೆ ಒಂದು ಯಜಮಾನಿಕೆ ಇತ್ತು.

ಚೌಕಟ್ಟಿನ ಪಕ್ಕದ ಮೊಳೆಗೆ ವೆಲ್ಡಿಂಗಿನವರ ದಪ್ಪ ಚರ್ಮದ ಕೈಗವಸು ತೂಗುತ್ತಿತ್ತು. ಡಬ್ಬಿ ಬಿಚ್ಚುವವರಿಗೆಂದು ಓಯಿವನೇ ತಂದದ್ದು. ಆದರೆ ಓಯಿವ "ಬಿಚ್ಕೋ" ಅಂದ ಮೇಲೆ ಯಾರೂ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡರೆ ಅವನ ಮಾತನ್ನು ನಂಬಲಿಲ್ಲ ಅಂತಾಗುತ್ತದಲ್ಲ! ನಮ್ಮ ಜನಕ್ಕೆ ಚರ್ಮಕ್ಕಿಂತ ಇಂಥ ಮುಲಾಜು ದೊಡ್ಡದು.

ನನಗೆ ಮೂವತ್ತನಾಲ್ಕು ತುಂಬಿದ ವರ್ಷದ ಒಂದು ಗುರುವಾರ. ಪರೀಕ್ಷೆಯ ಭಯಕ್ಕೆ ನಾನು ಹನ್ನೆರಡು ಗುಂಡು ಹೊಡೆದಿದ್ದೆ. ಒಂದು ಕಾಫಿ ಆಯಿತು. ಓಯಿವ ಹೋಗಿ ಬೆರಳಿಟ್ಟ. ತಾಗಿಸಿ ತೆಗೆಯಲಿಲ್ಲ, ಇಟ್ಟೇ ಇದ್ದ. ಆಗ ನನಗೆ ಅದು ಹೊಳೆಯಲಿಲ್ಲ.

"ತಣ್ಣಗಾಗಿದೆ ಕಣೇ ಸೈಮಿ. ಬಿಚ್ಕೋ" ಅಂದ.

ನಾನು ಅಂಗೈ ತುಂಬ ಹಿಡಿದೆ. ಚುರ್ ಅಂದಿತು. ಕೂಗು ಗಂಟಲವರೆಗೆ ಬಂತು, ನುಂಗಿದೆ. ಕೈಯನ್ನು ಕೋಟಿನ ಜೇಬಿಗೆ ತುರುಕಿ, "ಹೂಂ, ತಣ್ಣಗಿದೆ. ಆಮೇಲೆ ಬಿಚ್ತೀನಿ, ಕಾಫಿ ಉಕ್ತಿದೆ" ಅಂದು ಕ್ಯಾಂಟೀನಿನ ಹಿಂದೆ ಓಡಿ ಮಳೆನೀರಿನ ಪೀಪಾಯಿಗೆ ಕೈ ಇಳಿಸಿ ನಿಂತೆ. ಕಣ್ಣಲ್ಲಿ ದಳದಳ ನೀರು. ಆದರೂ ಹೇಳಬಾರದು ಅಂತಲೇ ತೀರ್ಮಾನ ಮಾಡಿದೆ. ಕಾಡಿನ ಕೆಲಸ ಹೋಗಿತ್ತು, ಕಿವಿ ಹೋಗಿತ್ತು, ಅವನಿಗೆ ಉಳಿದದ್ದು ಈ ರೇಂಜು ಒಂದೇ. ಓಯಿವನ ಬೆರಳು ಸುಳ್ಳು ಹೇಳಿತು ಅಂತ ಗೊತ್ತಾದರೆ ಸಂಘದವರು ಕೀಲಿ ಕಿತ್ತುಕೊಳ್ಳುತ್ತಾರೆ, ಕೀಲಿ ಹೋದರೆ ಈ ಮನುಷ್ಯ ಬದುಕುವುದಿಲ್ಲ ಅನಿಸಿತು. ನನಗೆ ಅವನ ಮೇಲೆ ಅಷ್ಟು ಪ್ರೀತಿ ಇತ್ತು. ಕೈಗೆ ಏನಾಯಿತು ಅಂತ ಕೇಳಿದವರಿಗೆಲ್ಲ ಸೌನಾದ ಒಲೆ ತಾಗಿತು ಅಂದೆ. ಉಗಿಸ್ನಾನದ ಒಲೆ ಇಲ್ಲದ ಮನೆ ನಮ್ಮಲ್ಲಿಲ್ಲ, ಆದ್ದರಿಂದ ಯಾರೂ ಎರಡನೆಯ ಮಾತು ಕೇಳಲಿಲ್ಲ.

ಮುಂದಿನ ಗುರುವಾರ ಮತ್ತೆ ಎಲ್ಲರೂ ಬೆಂಚಿನ ಮೇಲೆ. ನಾನು ಕಾಫಿ ಬಗ್ಗಿಸಿ ಕೂತೆ. ಓಯಿವ ತನ್ನ ಲೋಟ ಮುಟ್ಟದೆ ನಮ್ಮನ್ನೇ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ. ಕಿವಿ ಕೇಳಿಸದವನ ಕಣ್ಣು ಬಲು ಚುರುಕು.

"ಅರ್ವೊ, ಯಾವಾಗಿಂದ ಎಡಚ ಆದೆ ನೀನು?" ಅಂದ.

ಅರ್ವೊನ ಲೋಟ ಎಡಗೈಯಲ್ಲಿತ್ತು. ರೇಯೊನದೂ ಎಡಗೈಯಲ್ಲಿ. ನಾನು ನನ್ನ ಕೈ ನೋಡಿಕೊಂಡೆ, ಅದೂ ಎಡಗೈ.

"ಬಲಗೈ ತೋರ್ಸಿ. ಮೂರೂ ಜನ."

"ಅದೇನಿಲ್ಲ ಓಯಿವ, ಸೌನಾದ ಒಲೆ..." ಅಂದ ಅರ್ವೊ.

"ನಂದೂ ಅದೇ" ಅಂದ ರೇಯೊ. ಇಲಿಯ ಕಥೆ ಕಟ್ಟಿದವನಿಗೆ ಆವತ್ತು ಬೇರೆ ಕಥೆ ಸಿಕ್ಕಲಿಲ್ಲ.

"ಊರಿನ ಒಲೆಗಳೆಲ್ಲ ಸಂಘ ಕಟ್ಕೊಂಡು ಕಚ್ತಿವೆಯೇನ್ರೋ? ತೋರ್ಸಿ ಅಂದೆ!"

ತೋರಿಸಿದೆವು. ಮೂರು ಅಂಗೈ, ಮೂರರಲ್ಲೂ ಅಡ್ಡಕ್ಕೆ ಒಂದೇ ಅಗಲದ ಬೊಬ್ಬೆ. ಓಯಿವ ಬಗ್ಗಿ ಒಂದೊಂದನ್ನೂ ನೋಡಿದ. ಆಮೇಲೆ ತನ್ನ ತೋರುಬೆರಳನ್ನು ಬೆಳಕಿಗೆ ಹಿಡಿದ. ತುದಿಯ ಚರ್ಮ ಸುಲಿದು ಕೆಂಪಗಾಗಿತ್ತು. ಗರಗಸ ಹಿಡಿದವರ ಬೆರಳು ಚಳಿಗಾಲದಲ್ಲಿ ಬಿಳುಚಿಕೊಂಡು ಮರಗಟ್ಟುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆಗಸ್ಟಿನಲ್ಲೂ ಅದು ಸತ್ತೇ ಇರುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ.

"ಪೊರಕೆ ಕಡ್ಡಿ ತರಚಿದ್ದು ಅಂದ್ಕೊಂಡಿದ್ದೆ" ಅಂದ ಮೆಲ್ಲಗೆ. ಮರುಕ್ಷಣ ಮೇಜಿಗೆ ಗುದ್ದಿದ. "ನನ್ನ ಮರ್ಯಾದೆ ಉಳ್ಸೋಕೆ ಕೈ ಸುಟ್ಕೊಂಡ್ರಾ? ಯಾರು ಕೇಳಿದ್ರು ನಿಮ್ಮನ್ನ? ನಾಳೆ ಗುಂಡು ತುಂಬಿರೋ ರೈಫಲ್ ನೋಡಿ ಖಾಲಿ ಇದೆ ಅಂತ ನಾನಂದ್ರೆ, ಆಗ್ಲೂ ಓಯಿವ ಬೇಜಾರ್ ಮಾಡ್ಕೋತಾನೆ ಅಂತ ಬಾಯಿ ಮುಚ್ಕೊಂಡಿರ್ತಿದ್ರಾ?"

ಅವನು ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ರೇಯೊನ ಮುಂದಿಟ್ಟ. ರೇಯೊ ಅದನ್ನು ಹಿಂದಕ್ಕೆ ತಳ್ಳಿದ.

"ಬೇಡ ಓಯಿವ, ಇಟ್ಕೋ. ಇನ್ಮೇಲೆ ಎಲ್ರೂ ಕೈಗವಸು ಹಾಕ್ಕೊಂಡೇ ಮುಟ್ತೀವಿ, ಆಯ್ತಲ್ಲ."

"ಮೊದ್ಲಿಂದ್ಲೂ ಹಾಗೇ ಮಾಡ್ಬೇಕಿತ್ತು. ನನ್ನ ಬೆರಳಿದೆ ಅಂತ ನಾನೂ ಮೆರೆದೆ, ನೀವೂ ಮೆರೆಸಿದ್ರಿ" ಅಂದ ಓಯಿವ. ಸಿಟ್ಟು ಇಳಿದಿತ್ತು. "ಯಾರಿಗೆ ಯಾವತ್ತು ಆಯ್ತು, ಹೇಳಿ."

ರೇಯೊನದು ಮಂಗಳವಾರ. ಅರ್ವೊನದು ಶನಿವಾರ. ಆಮೇಲೆ ನನ್ನ ಸರದಿ.

"ಹೋದ್ ಗುರುವಾರ" ಅಂದೆ.

ಅಂದ ಮೇಲೆ ನನಗೇ ಅರ್ಥವಾಯಿತು. ಓಯಿವ ನನ್ನ ಪಕ್ಕಕ್ಕೆ ಬಂದು ಕೂತು ನನ್ನ ಬಲಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡ. ನಮ್ಮಲ್ಲಿ ಯಾರೂ ಯಾರ ಕೈಯನ್ನೂ ಹಾಗೆ ಹಿಡಿಯುವುದಿಲ್ಲ.

"ನೋವಿದೆಯಾ?"

"ಇದೆ. ತುಂಬಾ ನೋವಿದೆ ಓಯಿವ."

"ಈ ಮಾತು ಅವತ್ತೇ ಬಾಯಿಬಿಟ್ಟು ಹೇಳಿದ್ರೆ ಇವರಿಬ್ಬರ ಕೈ ಸುಡ್ತಿರ್ಲಿಲ್ಲ ಕಣೇ" ಅಂದ. ಬೈದದ್ದಲ್ಲ. ಬೈದಿದ್ದರೆ ನಾನು ಅಳುತ್ತಿರಲಿಲ್ಲ.

ಅರ್ವೊ ಎದ್ದು ಹೋಗಿ ಸಾಸೇಜು ಮಗುಚುವ ನೆಪ ಮಾಡಿದ. ಓಯಿವ ಮೇಜಿನ ಮೇಲಿನ ಕೀಲಿಗೊಂಚಲು ತೆಗೆದು ನನ್ನ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಇನ್ನು ನೀನೇ ನೋಡ್ಕೋ. ಇವರ್ಯಾರೂ ಬೇಡ."

"ನಾನಾ? ನನ್ನಿಂದ್ಲೇ ಆಗಿದ್ದಲ್ವಾ ಇದೆಲ್ಲ?"

"ಅದಕ್ಕೇ" ಅಂದ ಓಯಿವ. "ಇನ್ನು ನೀನು ಜನ್ಮದಲ್ಲಿ ಸುಮ್ಮನಿರಲ್ಲ."