ಮೂರರ ಕಡೆಯಿಂದ

ಮೊನ್ನೆ ಶ್ರೀನಿವಾಸಪುರದ ಮಾವಿನ ಮಂಡಿಯ ಪಕ್ಕ ಕೋಲಾರದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಒಬ್ಬ ಹಣ್ಣಿನ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಬಿಡಿಬಿಡಿಯಾಗಿ ಮೂರು ಏಟು, ತುಸು ತಡೆದು ಎರಡು. ಮತ್ತೆ ಮೂರು, ಮತ್ತೆ ಎರಡು... ಹಸಿ ಹಲಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಾನು ಹೊಡೆಯುತ್ತಿದ್ದುದು ಕ್ಯೂಬಾ ದ್ವೀಪದ ತಾಳವೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಅದನ್ನು ಕಲಿಸಿದವರು ಮುಳಬಾಗಿಲಿನ ನಮ್ಮ ಬ್ಯಾಂಡ್ ಮೇಷ್ಟ್ರು.

ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದುವುದು ಅವರ ಕಸುಬು. ಪ್ರಾಯದಲ್ಲಿ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಜಾಝ್ ನುಡಿಸಿದ್ದರು. ಅಲ್ಲಿಂದ ಅವರ ಜೊತೆ ಬಂದದ್ದು ಗೀರುಬಿದ್ದ ಒಂದು ಗ್ರಾಮಾಫೋನ್ ಪ್ಲೇಟು ಮತ್ತು ಗೇಣುದ್ದದ ಎರಡು ಕೋಲು. ಕೋಲಿಗೆ ಕೋಲು ಬಡಿದು ಹಿಡಿಯುವ ಈ ಮೂರು-ಎರಡು, ಆಫ್ರಿಕಾದಿಂದ ಕ್ಯೂಬಾಕ್ಕೆ ಹಿಡಿದೊಯ್ದ ಗುಲಾಮರು ಉಳಿಸಿಕೊಂಡ ತಾಳವಂತೆ. ಕೋಲು ಮೂರರಿಂದ ಹೊರಟರೆ ಹಾಡು ಮುಗಿಯುವ ತನಕ ಹಾಗೆಯೇ ನಡೆಯಬೇಕು.

"ಕೋಲು ತಿರುಗಲ್ಲ ಕಣೋ. ದಾರಿ ತಪ್ಪಿದೋನೇ ತಿರುಗಿ ಬರ್ಬೇಕು" ಎನ್ನುತ್ತಿದ್ದರು.

ನಾನು ವಕ್ಕಲೇರಿಯ ಕಡೆಯವನು, ಹೈಸ್ಕೂಲು ಮುಗಿಸಿ ಅವರ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದೆ. ಒಂದು ವರ್ಷ ಆ ಪ್ಲೇಟಿನಲ್ಲಿದ್ದುದನ್ನೇ ನಕಲು ಮಾಡಿದೆ. ಒಂದು ಮಧ್ಯಾಹ್ನ ಅವರು ಮುಳ್ಳನ್ನು ಎತ್ತಿಟ್ಟರು.

"ಏನ್ಲಾ, ಪ್ಲೇಟ್‌ನೋನಿಗೆ ಜ್ವರ ಬಂದಂಗೆ ಊದ್ತೀಯ! ನಿಮ್ಮಮ್ಮ ಹಸು ಹೆಂಗೆ ಕರೀತಾಳೆ?"

ನಾಚುತ್ತಲೇ ಕೂಗಿ ತೋರಿಸಿದೆ.

"ಅದನ್ನ ಊದು. ಕೋಲು ಎಲ್ಲಾರ್ದೂ ಬೇಟಾ, ಮಧ್ಯದ ಜಾಗ ನಿಂದು."

ಅಮ್ಮನ ಕರೆ ಉದ್ದಕ್ಕೆ ಎದ್ದು ಕೊನೆಯಲ್ಲಿ ಮುರಿಯುತ್ತಿತ್ತು. ಮೊದಮೊದಲು ಅದು ಕೋಲಿನ ಏಟಿನ ಮೇಲೇ ಬೀಳುತ್ತಿತ್ತು. ತಿಂಗಳುಗಟ್ಟಲೆ ಊದಿದ ಮೇಲೆ ಏಟುಗಳ ನಡುವೆ ಜಾಗ ಹುಡುಕಿಕೊಂಡಿತು, ದಿನಕ್ಕೊಂದು ಬಗೆಯಲ್ಲಿ. ಮೇಷ್ಟ್ರು ಕಣ್ಣು ಮುಚ್ಚಿ ಕೋಲು ಬಡಿಯುತ್ತಲೇ ಇದ್ದರು... ನನ್ನದು ಎನ್ನಬಹುದಾದ ದನಿ ನನಗಿದ್ದದ್ದು ಅದೊಂದೇ.

ಬೆಂಗಳೂರಿನ ಹೋಟೆಲೊಂದಕ್ಕೆ ಬ್ಯಾಂಡ್ ಕಟ್ಟುತ್ತಿದ್ದವನೊಬ್ಬ ನಾವಿಬ್ಬರೂ ನುಡಿಸುವುದನ್ನು ಕೇಳಲು ಕೋಲಾರಕ್ಕೆ ಬಂದ. ಮೇಷ್ಟ್ರು ಕೋಟಿಗೆ ಇಸ್ತ್ರಿ ಮಾಡಿಸಿದ್ದರು. "ಜೀವಮಾನ ಎಲ್ಲಾ ನಡ್ಕೊಂಡೇ ಊದಿದ್ದಾಯ್ತು. ಒಂದ್ಸಲ ಕುರ್ಚಿ ಮೇಲೆ ಕೂತ್ಕೊಂಡು ನುಡಿಸ್ಬೇಕು ಕಣೋ" ಎಂದು ಬಸ್ಸಿನಲ್ಲಿ ನಕ್ಕರು.

ಅವರು ಕೋಲು ಹಿಡಿದರು. ಮನಸ್ಸಿಗೆ ಬಂದದ್ದನ್ನು ಊದುವ ನನ್ನ ಸರದಿ ಬಂತು. ಆತುರಪಟ್ಟು, ಮೂರಕ್ಕೆ ಕಾಯದೆ, ಅಮ್ಮನ ಕರೆಯನ್ನು ಎರಡರ ಕಡೆಯಿಂದ ಎತ್ತಿಕೊಂಡೆ. ತಪ್ಪಿದೆನೆಂದು ತಕ್ಷಣ ತಿಳಿಯಿತು. ಒಂದು ಉಸಿರು ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು, ಆದರೆ ಬಂದವನ ಎದುರು ನಿಲ್ಲಿಸಲು ಹೆದರಿದೆ. ಮೇಷ್ಟ್ರು ನನ್ನನ್ನು ಒಮ್ಮೆ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ, ಕೋಲು ತಿರುಗಲ್ಲ ಎನ್ನುತ್ತಿದ್ದ ಆ ಮನುಷ್ಯ, ನನಗಾಗಿ ಎರಡರಿಂದ ಬಡಿದು ಕೋಲನ್ನು ತಿರುಗಿಸಿದರು.

ಕೇಳಿದವನಿಗೆ ಎಡವಿದ್ದು ಕೋಲು ಎನಿಸಿತು.

"ಮುದುಕಪ್ಪಂಗೆ ಲಯ ನಿಲ್ತಿಲ್ಲ. ಟ್ರಂಪೆಟ್‌ನವನು ಬರ್ಲಿ ಸಾಕು" ಎಂದ.

ತಪ್ಪು ನನ್ನದು ಎಂದಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿ ಟ್ರಂಪೆಟ್ಟಿನೊಳಗಿನ ಎಂಜಲು ಬಸಿಯುತ್ತ ನಿಂತೆ.

ವಾಪಸು ಬರುವಾಗ ಮೇಷ್ಟ್ರು ಕೋಲುಗಳನ್ನು ಕರವಸ್ತ್ರದಲ್ಲಿ ಸುತ್ತಿದರು. ಮುಳಬಾಗಿಲಿನಲ್ಲಿ ಇಳಿಯುವಾಗ, "ಹೊರಡೋದು ಮೂರರಿಂದ. ಮರೀಬ್ಯಾಡ" ಎಂದರು, ಅಷ್ಟೇ.

ಹೋಟೆಲಿನಲ್ಲಿ ಬಹಳ ವರ್ಷ ಊದಿದೆ. ಅಮ್ಮನ ಕರೆಗೆ ಬಂದಾಗಲೆಲ್ಲ ಎಡವುವ ಕೋಲು ಕೇಳಿಸುತ್ತಿತ್ತು. ಅದನ್ನು ಬಿಟ್ಟೇಬಿಟ್ಟೆ. ಪ್ಲೇಟಿನ ನಕಲಿಗೇ ಮರಳಿದೆ. ಯಾರಿಗೂ ಗೊತ್ತಾಗಲಿಲ್ಲ.

ಮೇಷ್ಟ್ರು ತೀರಿಕೊಂಡ ಮೇಲಷ್ಟೇ ಅವರ ಮನೆಗೆ ಹೋದೆ. ಮಗಳು ಚಹಾ ಕೊಟ್ಟಳು.

"ಕೋಲಾರದಿಂದ ಬಂದ್ಮೇಲೆ ನಮ್ಮ ಅಬ್ಬಾ ಆ ಕೋಲು ಮುಟ್ಲೇ ಇಲ್ಲ ಅಣ್ಣಾ. ನಂಗೆ ಲಯ ಹೋಯ್ತಮ್ಮಾ ಅಂತಿದ್ರು."

ಮನೆಯವರ ಮುಂದೆಯೂ ಅವರು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು ಚಹಾ ಕುಡಿದು, ಲೋಟ ಕೆಳಗಿಟ್ಟು, ಹೋಗ್ಬರ್ತೀನಮ್ಮ ಎಂದು ಎದ್ದೆ. ಆಗಲೂ ಹೇಳಲಿಲ್ಲ. ಈ ಬರಹ ಆಕೆಯ ಕಣ್ಣಿಗೆ ಬೀಳುತ್ತದೋ ಇಲ್ಲವೋ... ಅಮ್ಮಾ, ನಿಮ್ಮ ತಂದೆಯ ಲಯ ಹೋಗಿರಲಿಲ್ಲ. ತಪ್ಪಿದವನು ನಾನು.

"ಏನ್ ತಾತಾ, ಬಸ್ಸು ಹೋಯ್ತಲ್ಲ! ನಿದ್ದೆನಾ?" ಎಂದು ಪೆಟ್ಟಿಗೆಯವನು ಸುತ್ತಿಗೆ ನಿಲ್ಲಿಸದೆಯೇ ಕೂಗಿದ.

ಆಗ ನೋಡಿಕೊಂಡೆ. ನನ್ನ ಬೆರಳುಗಳು ಮೊಣಕಾಲಿನ ಮೇಲೆ ಬಡಿಯುತ್ತಿದ್ದವು. ಅವನು ಮೂರು ಹೊಡೆಯುವಾಗ ನಾನು ಎರಡು. ಈ ಸಲ ನಿಲ್ಲಿಸಿದೆ. ಒಂದು ಉಸಿರು ಬಿಟ್ಟು, ಅವನ ಮೂರಕ್ಕೆ ಕಾದೆ. ಅಷ್ಟರಲ್ಲಿ ಅವನು ಕೊನೆಯ ಪೆಟ್ಟಿಗೆ ಮುಗಿಸಿ, ಸುತ್ತಿಗೆ ಕೆಳಗಿಟ್ಟು ಎದ್ದಿದ್ದ.